ರಾತ್ರಿ ಪಾಳಿ, ನಿದ್ದೆ ಮತ್ತು ತಾಯ್ತನ

"ಮದುವೆಯಾಗಿ ಎರಡು ವರ್ಷವಾಯಿತು, ಇನ್ನೂ ವಿಶೇಷವಿಲ್ಲವೇ?" ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಸಲೀಸಾಗಿ ಬರುತ್ತದೆ. ಉತ್ತರ ಕೊಡಬೇಕಾದವಳು ಮಾತ್ರ ಸೊಸೆ. ಆಕೆ ಮದುವೆಗೆ ಮುಂಚೆ ಗಿರಣಿಯಲ್ಲಿ ರಾತ್ರಿ ದುಡಿದವಳಾದರೆ, "ನಿದ್ದೆಗೆಟ್ಟು ಮೈ ಕೆಡಿಸಿಕೊಂಡವಳು" ಎಂಬ ಮಾತೂ ಸೇರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು ಎಂದು ನಾವು ವಿಚಾರಿಸಬೇಕಲ್ಲವೇ?

ನಿದ್ದೆಯಿಲ್ಲದ ನಾಡು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ನೂಲು, ಬನಿಯನ್‌ಗಳಿಗೆ ಹೆಸರುವಾಸಿ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಮುಂದೆ 'ಸುಮಂಗಲಿ' ಎಂಬ ಯೋಜನೆಯ ಹೆಸರಿನಲ್ಲಿ ಬಡ ಮನೆಗಳ ಹುಡುಗಿಯರು ಇಲ್ಲಿಗೆ ಬಂದರು. ಹಾಸ್ಟೆಲ್ಲಿನಲ್ಲಿದ್ದು ಸುಮಾರು ಮೂರು ವರ್ಷ ದುಡಿದರೆ, ಕೊನೆಗೆ ಮದುವೆ ಖರ್ಚಿಗೆ ಇಡಿಗಂಟು. 1948ರ ಕಾರ್ಖಾನೆ ಕಾಯಿದೆ ಹೆಂಗಸರ ರಾತ್ರಿ ದುಡಿಮೆಯನ್ನು ತಡೆದಿತ್ತು. 2000ದಲ್ಲಿ ಮದ್ರಾಸ್ ಹೈಕೋರ್ಟು ಆ ನಿಷೇಧವನ್ನು ತೆಗೆಯಿತು. ಕರ್ನಾಟಕವೂ 2019ರಲ್ಲಿ ಕಾರ್ಖಾನೆಗಳಲ್ಲಿ ಇದಕ್ಕೆ ಅನುಮತಿ ನೀಡಿತು. ಹಾಗಾಗಿ ಇದು ನೆರೆರಾಜ್ಯದ ಸುದ್ದಿ ಮಾತ್ರವಲ್ಲ.

ಮೈಯೊಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ ಬೆಳಕು ಕತ್ತಲೆಗಳನ್ನು ಅನುಸರಿಸುವ ಒಂದು ಗಡಿಯಾರವಿದೆ. ಇಂಥ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಂಡಾಶಯಕ್ಕೆ ಸಂದೇಶ ಕಳಿಸುವ ಹಾರ್ಮೋನುಗಳೂ ಈ ಗಡಿಯಾರದ ಮಾತು ಕೇಳುತ್ತವೆ. ಪಾಳಿ ಬದಲಾದಂತೆಲ್ಲ ನಿದ್ದೆ ಅಡ್ಡಾದಿಡ್ಡಿಯಾದರೆ ಮುಟ್ಟಿನ ದಿನಗಳು ಹಿಂದುಮುಂದಾಗಬಹುದು. ಸಹಜ ಕುಟುಂಬ ಯೋಜನೆ ಅನುಸರಿಸುವ ದಂಪತಿಗಳಿಗೂ ಇದರ ಅನುಭವವುಂಟು: ಬೆಳಗ್ಗೆ ಎದ್ದೊಡನೆ ಅಳೆಯುವ ಮೈಶಾಖದ ಲೆಕ್ಕ ನಿದ್ದೆಗೆಟ್ಟ ದಿನ ತಪ್ಪುತ್ತದೆ.

ಅಮೆರಿಕದ ಸುಮಾರು 71,000 ದಾದಿಯರ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸರದಿಯ ರಾತ್ರಿ ಪಾಳಿ ಹೆಚ್ಚಿದಷ್ಟೂ ಮುಟ್ಟಿನ ಏರುಪೇರು ಹೆಚ್ಚೆಂದು ಅದು ಕಂಡಿತು. ಆದರೆ ಗರ್ಭಧಾರಣೆಗೆ ಪ್ರಯತ್ನಿಸುತ್ತಿದ್ದ ದಾದಿಯರ ಬಗ್ಗೆ 2015ರಲ್ಲಿ ಬಂದ ಅಧ್ಯಯನದಲ್ಲಿ, ರಾತ್ರಿ ಪಾಳಿಯವರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ವಾರಕ್ಕೆ 40 ಗಂಟೆಗೂ ಮೀರಿ ದುಡಿದವರಿಗೆ, ಪದೇಪದೇ ಭಾರ ಎತ್ತುವವರಿಗೆ ತಡವಾಯಿತು. ಗಿರಣಿಯ ಹುಡುಗಿಯ ಕಷ್ಟ ದಾದಿಯ ಕಷ್ಟಕ್ಕಿಂತ ಬೇರೆಯಿರಬಹುದು. ಆದರೂ ಒಂದು ಮಾತು ಸ್ಪಷ್ಟ: ಮುಟ್ಟು ಏರುಪೇರಾಗುವುದೇ ಬಂಜೆತನವಲ್ಲ.

ನಾವು ಮಾಡಬಹುದಾದದ್ದು

* ಮುಟ್ಟು ತಿಂಗಳುಗಟ್ಟಲೆ ತಪ್ಪಿದರೆ ಪಾಳಿಯನ್ನೇ ದೂರಿ ಸುಮ್ಮನಿರಬೇಡಿ. ಥೈರಾಯ್ಡ್, ಅಂಡಾಶಯದ ತೊಂದರೆ, ಪೌಷ್ಟಿಕಾಂಶದ ಕೊರತೆಯೂ ಕಾರಣವಿರಬಹುದು. ವೈದ್ಯರಿಗೆ ನಿದ್ದೆಯ ವೇಳೆಯನ್ನೂ ತಿಳಿಸಿ.

* ಹೆಸರಿಲ್ಲದ ಮಾತ್ರೆ ನುಂಗಬೇಡಿ. ತಮಿಳುನಾಡಿನ ಕೆಲವು ಉಡುಪು ಕಾರ್ಖಾನೆಗಳಲ್ಲಿ ಮುಟ್ಟಿನ ನೋವಿಗೆ ಇಂಥ ಮಾತ್ರೆ ಕೊಡುತ್ತಿದ್ದರೆಂದು 2019ರಲ್ಲಿ ವರದಿಯಾಗಿತ್ತು.

* ರಾತ್ರಿ ದುಡಿದು ಬಂದ ಮಗಳಿಗೆ, ಸೊಸೆಗೆ ಹಗಲಲ್ಲಿ ಕತ್ತಲೆಯ ಕೋಣೆ, ಏಳು ಗಂಟೆಯ ನಿದ್ದೆ ಸಿಗಲಿ. ಅಡುಗೆ, ನೀರು ಬೇರೆಯವರು ನೋಡಿಕೊಳ್ಳಲಿ.

* ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ತಪಾಸಣೆಗೆ ಹೋಗಬೇಕು. ಆಕೆಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ.

ಆ ಹುಡುಗಿ ರಾತ್ರಿಯಿಡೀ ಎಚ್ಚರವಿದ್ದು ದುಡಿದದ್ದು ತನ್ನ ಮನೆಗಾಗಿ, ತನ್ನ ಮದುವೆಯ ಹೊರೆ ಹೆತ್ತವರ ಮೇಲೆ ಬೀಳದಿರಲೆಂದು. ಅದನ್ನೇ ಅವಳ ತಪ್ಪೆಂದು ಎಣಿಸುವುದು ನ್ಯಾಯವೇ? ಇನ್ನು ಮುಂದೆ "ವಿಶೇಷವೇನು?" ಎಂದು ಕೇಳುವ ಮೊದಲು, "ಚೆನ್ನಾಗಿ ನಿದ್ದೆ ಮಾಡಿದೆಯಾ, ಮಗಳೇ?" ಎಂದು ಕೇಳೋಣ.