ಆಸ್ಪತ್ರೆಯಿಂದ ಪಡಸಾಲೆಗೆ ಬಂದ ಉಸಿರಿನ ಕಸರತ್ತು

ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡಲು ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸುವುದು ವಾಡಿಕೆ. ಚರ್ಮ ಗಡುಸಾಗುವ ಸ್ಕ್ಲೆರೋಡರ್ಮಾ ಕಾಯಿಲೆ ಇರುವವರ ಬೆರಳಿನಲ್ಲಿ ಅದನ್ನು ನಂಬುವಂತಿಲ್ಲ. ಸ್ವಲ್ಪ ಚಳಿ ತಾಕಿದರೂ ಅವರ ಬೆರಳಿನ ರಕ್ತನಾಳಗಳು ಮುದುಡಿ, ತುದಿ ಬಿಳಿಚಿಕೊಳ್ಳುತ್ತದೆ. ಆಗ ಹಣೆಗೆ ಅಥವಾ ಕಿವಿಗೆ ಹಾಕುವ ಸೆನ್ಸರ್ ಬೇಕು. ಮನೆಯಲ್ಲಿ ಇವರಿಗೆ ವ್ಯಾಯಾಮ ಮಾಡಿಸುವವರು ಮೊದಲು ಅರಿಯಬೇಕಾದದ್ದು ಇದನ್ನು.

ಈ ಕಾಯಿಲೆಯಲ್ಲಿ ಚರ್ಮದಂತೆ ಶ್ವಾಸಕೋಶವೂ ಗಡುಸಾಗಬಹುದು. 2019ರಲ್ಲಿ ಅಮೆರಿಕದಲ್ಲಿ ಇದಕ್ಕೆಂದು ಒಪ್ಪಿಗೆ ಪಡೆದ ನಿಂಟೆಡಾನಿಬ್ ಔಷಧ ಅದರ ವೇಗ ತಗ್ಗಿಸುತ್ತದೆ, ಗಡುಸಾದದ್ದನ್ನು ಮತ್ತೆ ಮೆತ್ತಗೆ ಮಾಡುವುದಿಲ್ಲ. ಉಳಿದ ಉಸಿರಿನಲ್ಲೇ ಮೆಟ್ಟಿಲು ಹತ್ತಲು, ಸ್ನಾನ ಮಾಡಲು ದೇಹವನ್ನು ಪಳಗಿಸಬೇಕು.

ಏದುಸಿರು ಬಿಡುವವರಿಗೆ ವೈದ್ಯರು ಬಹುಕಾಲ ಹೇಳಿದ್ದು ವಿಶ್ರಾಂತಿಯನ್ನೇ. ಡೆನ್ವರಿನ ಚಾರ್ಲ್ಸ್ ಡೆನಿಸನ್ 1895ರಲ್ಲೇ ಶ್ವಾಸಕೋಶದ ರೋಗಿಗಳ ವ್ಯಾಯಾಮ, ಆಹಾರದ ಬಗ್ಗೆ ಪುಸ್ತಕ ಬರೆದಿದ್ದರೂ ಆ ಮಾತು ಬೇರೂರಲಿಲ್ಲ. 1960ರ ದಶಕದಲ್ಲಿ ಅದೇ ಊರಿನಲ್ಲಿ ಥಾಮಸ್ ಪೆಟ್ಟಿ ರೋಗಿಗಳ ಹೆಗಲಿಗೆ ಹಗುರವಾದ ಆಕ್ಸಿಜನ್ ಹೊರಿಸಿ ನಡೆಸಿದರು. ಅವರು ಹೆಚ್ಚಾಗಿ ಶ್ವಾಸನಾಳ ಕಟ್ಟಿಕೊಂಡ ಸಿಒಪಿಡಿಯವರು.

ಗಡುಸು ಶ್ವಾಸಕೋಶದವರ ಸರದಿ ಬರಲು ಮತ್ತೆ ನಾಲ್ಕು ದಶಕ ಬೇಕಾಯಿತು. 2008ರಲ್ಲಿ ಮೆಲ್ಬರ್ನಿನ ಫಿಸಿಯೋಥೆರಪಿಸ್ಟ್ ಆ್ಯನ್ ಹಾಲೆಂಡ್ ಮತ್ತು ಸಂಗಡಿಗರು ಅಂಥ 57 ಜನರ ಅಧ್ಯಯನ ಪ್ರಕಟಿಸಿದರು. ಎಂಟು ವಾರ ತರಬೇತಿ ಪಡೆದವರು ಆರು ನಿಮಿಷದಲ್ಲಿ ಮೊದಲಿಗಿಂತ ಹೆಚ್ಚು ದೂರ ನಡೆದರು, ದಮ್ಮು ಕಡಿಮೆಯಾಯಿತು. ಆದರೆ ತರಬೇತಿ ನಿಂತ ಆರು ತಿಂಗಳಿಗೆ ಆ ಲಾಭ ಕರಗಿಹೋಗಿತ್ತು. ನನಗೆ ಮುಖ್ಯವೆನಿಸುವುದು ಈ ಕೊನೆಯ ಸಂಗತಿ. ಆಸ್ಪತ್ರೆಯ ಪಾಠ ಮುಗಿದ ದಿನವೇ ಅಭ್ಯಾಸವೂ ಮುಗಿಯುವುದಾದರೆ, ಅದು ಇರಬೇಕಾದ ಜಾಗ ಮನೆ.

2017ರಲ್ಲಿ ಹಾಲೆಂಡ್ ತಂಡವೇ ಸಿಒಪಿಡಿಯ 166 ಜನರೊಂದಿಗೆ ಅದನ್ನು ಪರೀಕ್ಷಿಸಿತು. ಮನೆಗೆ ಒಂದೇ ಭೇಟಿ, ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ. ಎಂಟು ವಾರದ ಕೊನೆಗೆ ನಡಿಗೆಯಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿದವರು ಆಸ್ಪತ್ರೆಗೆ ಹೋದವರಿಗೆ ಸರಿಸಾಟಿಯಾಗಿದ್ದರು. ಮೂರೇ ವರ್ಷಕ್ಕೆ ಕೊರೊನಾ ಬಂದು ಆಸ್ಪತ್ರೆಯ ತರಗತಿಗಳು ಮುಚ್ಚಿದಾಗ, ಮನೆಯ ದಾರಿಯೊಂದೇ ಉಳಿಯಿತು.

ಸ್ಕ್ಲೆರೋಡರ್ಮಾದವರಿಗೆ ಆ ಕ್ರಮವನ್ನು ಹಾಗೇ ಒಪ್ಪಿಸಲಾಗದು. ಬಿಗಿದ ಬೆರಳು ಡಂಬೆಲ್ ಹಿಡಿಯದು, ಮಣಿಕಟ್ಟಿಗೆ ಸುತ್ತುವ ತೂಕದ ಪಟ್ಟಿ ಬೇಕು. ಬಾಯಿ ಅಗಲವಾಗಿ ತೆರೆಯದವರಿಗೆ ಉಸಿರಿನ ಉಪಕರಣದ ಕೊಳವೆ ಕಚ್ಚಿಹಿಡಿಯುವುದೇ ಕಷ್ಟ. ಹುಳಿತೇಗಿನ ಕಾಟವಿರುವುದರಿಂದ ಊಟವಾದ ಕೂಡಲೇ ಬಗ್ಗಿಸಬಾರದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆಯೇ ಎಂದು ವೈದ್ಯರು ನೋಡಿದ ಮೇಲಷ್ಟೇ ಕಸರತ್ತು ಶುರು. ಇಷ್ಟು ಸರಿಹೋದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯಬಹುದು, ಕೈಗೆ ಉಣ್ಣೆಯ ಗವಸು ತೊಟ್ಟು.