ಸುತ್ತಿಗೆ 2 ನಿಮಿಷ 24 ಸೆಕೆಂಡು

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಹಾಸನದ ಜಿಲ್ಲಾ ಕ್ರೀಡಾಂಗಣದ ಮುಂದೆ ಬೈಕುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಬಡವರ ಊಟಿ ಎಂದು ಹೆಸರಾದ ಊರು ಇದು. ಕಾರ್ತಿಕದ ಮಂಜಿನಲ್ಲಿ ಮೈದಾನದ ಆಚೆ ಬದಿ ಓಡುವವರು ಕಾಣುವುದೇ ಇಲ್ಲ, ಹೆಜ್ಜೆ ಸದ್ದು ಮಾತ್ರ ಕೇಳುತ್ತದೆ. ಡೈರಿಗೆ ಹಾಲು ಹಾಕಿ ನೇರ ಇಲ್ಲಿಗೆ ಬಂದ ರೈತರು, ರಾತ್ರಿ ಪಾಳಿ ಮುಗಿಸಿದ ಪೊಲೀಸರು, ಪಿಯುಸಿ ಓದುವ ಹುಡುಗರು, ಸಕ್ಕರೆ ಕಾಯಿಲೆ ಬಂತೆಂದು ಓಟ ಶುರುಮಾಡಿ ಈಗ ಬಿಡಲಾರದವರು. ಮಫ್ಲರ್ ಬಿಚ್ಚಿ ಬೈಕಿನ ಹ್ಯಾಂಡಲಿಗೆ ಸುತ್ತುತ್ತಾರೆ, ಶೂ ಲೇಸ್ ಬಿಗಿಮಾಡುತ್ತಾರೆ. ನಿವೃತ್ತ ಪಿ.ಟಿ. ಮೇಷ್ಟ್ರು ಕೊರಳಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಗೆರೆಯ ಹತ್ತಿರ ನಿಲ್ಲುತ್ತಾರೆ.

ಇದು ಸಂಘವಲ್ಲ. ನೋಂದಣಿಯಿಲ್ಲ, ಶುಲ್ಕವಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಓಟಗಾರರ ಒಂದು ವಾಟ್ಸ್‌ಆ್ಯಪ್ ಗುಂಪು, ಅಷ್ಟೇ. ವಾರಕ್ಕೊಂದು ಊರು, 5 ಕಿಲೋಮೀಟರ್ ಓಟ, ಕೊನೆಗೆ ಬಿಸಿ ಇಡ್ಲಿ.

ಹೊಳೆನರಸೀಪುರದಿಂದ ಬರುವ ಹೆಣ್ಣುಮಗಳೊಬ್ಬರು ಎಲ್ಲರಿಗೂ ‘ಅಕ್ಕ’. ಬ್ಯಾಂಕ್ ಉದ್ಯೋಗಿ, ವಯಸ್ಸು ನಲವತ್ತು ದಾಟಿದೆ. 5 ಕಿಲೋಮೀಟರನ್ನು 30 ನಿಮಿಷದೊಳಗೆ ಮುಗಿಸುವುದು ಅವರು ತಮಗೆ ತಾವೇ ಹಾಕಿಕೊಂಡ ಗುರಿ. ಲೋಕದ ಲೆಕ್ಕಕ್ಕೆ ಇದೇನೂ ದೊಡ್ಡದಲ್ಲ. ಉಗಾಂಡದ ಜೋಶುವಾ ಚೆಪ್ಟೆಗೈ 2020ರಲ್ಲಿ ಮೊನಾಕೊದಲ್ಲಿ ಇದೇ ದೂರವನ್ನು 12 ನಿಮಿಷ 35.36 ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಆದರೆ ಮನೆಗೆಲಸ, ಮಕ್ಕಳ ಸ್ಕೂಲು, ಬ್ಯಾಂಕಿನ ಕೌಂಟರು ಇಷ್ಟರ ನಡುವೆ ಹೊತ್ತು ಉಳಿಸಿಕೊಂಡು ಬೆವರು ಸುರಿಸಿ ಪಡೆದ 30 ನಿಮಿಷ ಅವರ ಸ್ವಂತ ಆಸ್ತಿ. 400 ಮೀಟರಿನ ಮೈದಾನದಲ್ಲಿ ಅದು ಹನ್ನೆರಡೂವರೆ ಸುತ್ತು, ಸುತ್ತಿಗೆ 2 ನಿಮಿಷ 24 ಸೆಕೆಂಡು.

ಆ ಆಸ್ತಿಯನ್ನು ಚಿಕುನ್‌ಗುನ್ಯಾ ಕಿತ್ತುಕೊಂಡಿತು. ಜ್ವರ ವಾರದಲ್ಲಿ ಇಳಿಯಿತು, ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಬೆಳಿಗ್ಗೆ ಎದ್ದರೆ ಪಾದ ಊರಲಾಗದು, ಚಪಾತಿ ಹಿಟ್ಟು ನಾದಲು ಬೆರಳು ಮಡಿಚಲಾಗದು. ಆಷಾಢದ ಸೋನೆಮಳೆಯಲ್ಲಿ ಅವರು ಮತ್ತೆ ಮೈದಾನಕ್ಕೆ ಬಂದಾಗ ಸುತ್ತಿಗೆ 2 ನಿಮಿಷ 50 ಸೆಕೆಂಡು ಬೇಕಾಯಿತು. ಒಟ್ಟು 35 ನಿಮಿಷ ದಾಟಿತು.

“ಮುಗೀತು ಬಿಡಿ ಸಾ, ಇನ್ನು ವಾಕಿಂಗೇ ಗತಿ” ಎಂದರು ಮೇಷ್ಟ್ರಿಗೆ.

“ಏನೂ ಮುಗ್ದಿಲ್ಲ ಕಣಮ್ಮ. ಮಾತಾಡ್ಕಂಡು ಓಡು. ಉಸಿರು ಕಟ್ಟಿ ಮಾತು ನಿಂತ್ರೆ ಕಾಲು ನಿಧಾನ ಮಾಡು” ಎಂದರು ಮೇಷ್ಟ್ರು.

ಆ ಮಾತಿನಲ್ಲಿ ಅನುಭವವೂ ಇದೆ, ವಿಜ್ಞಾನವೂ ಇದೆ. ಓಟ ಬಿಟ್ಟ ಎರಡು ಮೂರು ವಾರಕ್ಕೇ ದೇಹದ ರಕ್ತದ ಪ್ರಮಾಣ ತಗ್ಗುತ್ತದೆ. ಹೃದಯ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತವೂ ಕಡಿಮೆಯಾಗುತ್ತದೆ. ಮತ್ತೆ ಶುರುಮಾಡಿದರೆ ಇವೆರಡೂ ಬೇಗ ಸರಿಹೋಗುತ್ತವೆ. ಸ್ನಾಯುರಜ್ಜು, ಮೂಳೆಗಳು ಹಾಗಲ್ಲ, ಅವಕ್ಕೆ ತಿಂಗಳುಗಳು ಬೇಕು. ಉಸಿರು ತಯಾರಾಯಿತೆಂದು ಕಾಲನ್ನು ಓಡಿಸಿದವರು ಮತ್ತೆ ಮನೆ ಸೇರುತ್ತಾರೆ. ಹಾಗಾಗಿ ಕಳೆದ ವೇಗ ಮರಳಬೇಕಾದರೆ ಬಹಳ ದಿನ ನಿಧಾನವಾಗಿ ಓಡಲೇಬೇಕು.

ಈ ನಿಧಾನಕ್ಕೆ ನಾಲ್ಕು ಊರುಗಳೂ ಕೈಜೋಡಿಸಿದವು. ಗೊರೂರಿನ ಹೇಮಾವತಿ ಅಣೆಕಟ್ಟಿನ ಕೆಳಗೆ ಹೊಳೆನರಸೀಪುರದ ಕಡೆ ಗದ್ದೆಬಯಲು ಚಾಚಿಕೊಂಡಿದೆ. ನಾಲೆ ಏರಿಯ ಮಣ್ಣಿನ ದಾರಿ ಸಮತಟ್ಟು, ಕಾಲಿಗೆ ಮೆತ್ತಗೆ. ಬೆಳ್ಳಕ್ಕಿಗಳು ಗದ್ದೆಯಿಂದ ಎದ್ದು ಮುಂದಿನ ಗದ್ದೆಗೆ ಇಳಿಯುತ್ತವೆ. ಕೀಲುನೋವಿದ್ದ ತಿಂಗಳುಗಳಲ್ಲಿ ಅಕ್ಕ ಓಡಿದ್ದು ಹೆಚ್ಚಾಗಿ ಅಲ್ಲೇ.

ಅರಕಲಗೂಡಿನ ರಸ್ತೆಗಳದು ಬೇರೆ ಗುಣ. ಇಳಿದಷ್ಟೂ ಹತ್ತಬೇಕು. ಹೊಗೆಸೊಪ್ಪು ಹದ ಮಾಡುವ ಕಾಲಕ್ಕೆ ಬ್ಯಾರನ್ನುಗಳ ಘಾಟು ವಾಸನೆ ರಸ್ತೆವರೆಗೂ ಬರುತ್ತದೆ. ಶುಂಠಿ ಹೊಲದ ಬದುವಿನಲ್ಲಿ ನಿಂತ ಅಜ್ಜಿ “ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ ಮಗಾ?” ಎಂದು ನಿಜವಾದ ಗಾಬರಿಯಿಂದ ಕೇಳಿ, ಸಂಗತಿ ತಿಳಿದ ಮೇಲೆ ಚೊಂಬಿನಲ್ಲಿ ನೀರು ತಂದುಕೊಟ್ಟರು. ಆ ದಿಣ್ಣೆಗಳಲ್ಲಿ ತೊಡೆಗೆ ಬಲ ಬಂತು.

ಚನ್ನರಾಯಪಟ್ಟಣದ ಸರದಿ ಬಂದಾಗ ತೆಂಗಿನ ತೋಟಗಳ ನಡುವೆ ಓಟ. ಅದು ಮುಗಿದ ಮೇಲೆ ಕೆಲವರು ಶ್ರವಣಬೆಳಗೊಳಕ್ಕೆ ಹೋಗಿ, ಬರಿಗಾಲಲ್ಲಿ ವಿಂಧ್ಯಗಿರಿಯ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಗಡಿಯಾರ ನೋಡುವವರಿಲ್ಲ.

ಒಬ್ಬರೇ ಆಗಿದ್ದರೆ ಇದಾವುದೂ ಅಕ್ಕನಿಗೆ ಸಾಧ್ಯವಿರಲಿಲ್ಲ. ಬೆಳಕು ಹರಿಯುವ ಮುಂಚೆ ನಾಲೆ ಏರಿಯಲ್ಲಿ ಹೆಣ್ಣುಮಗಳು ಒಂಟಿಯಾಗಿ ಓಡಲು ಧೈರ್ಯ ಒಂದೇ ಸಾಲದು. ಬೀದಿನಾಯಿಗಳ ಭಯ, ಬೈಕ್ ನಿಧಾನ ಮಾಡಿ ತಿರುಗಿ ನೋಡುವವರ ಕಾಟ, ಮನೆಯವರ ಆತಂಕ. ಮುಂದೆ ನಾಲ್ವರು, ಹಿಂದೆ ನಾಲ್ವರು ಇದ್ದರೆ ಅದೇ ದಾರಿ ನಮ್ಮದಾಗುತ್ತದೆ.

ಕಾರ್ತಿಕದ ಒಂದು ಭಾನುವಾರ ಹಾಸನದಲ್ಲಿ ಅವರು ಮತ್ತೆ ಗಡಿಯಾರದ ಮುಂದೆ ನಿಂತರು. ಡೈರಿಯಿಂದ ಬಂದ ರೈತ ಪಕ್ಕದಲ್ಲಿ, ಪಿಯುಸಿ ಹುಡುಗನೊಬ್ಬ ಎರಡು ಹೆಜ್ಜೆ ಮುಂದೆ. ಅರ್ಧ ಸುತ್ತು 1 ನಿಮಿಷ 12 ಸೆಕೆಂಡಿಗೆ ಮುಗಿಯಿತು. ಆಮೇಲೆ ಎಂಟು ಸುತ್ತು ಅಳೆದಿಟ್ಟ ಹಾಗೆ 2:23. ಸುತ್ತಿಗೊಂದರಂತೆ ಎಂಟು ಸೆಕೆಂಡು ಕೈಯಲ್ಲಿ ಉಳಿದಿತ್ತು. ಒಂಬತ್ತನೆಯದು 2:27, ಹತ್ತನೆಯದು 2:28. ಉಳಿತಾಯದಲ್ಲಿ ಒಂದೇ ಸೆಕೆಂಡು. ಮೇಷ್ಟ್ರು ಸುಳ್ಳು ಹೇಳಲಿಲ್ಲ, “ಒಂದೇ ಸೆಕೆಂಡೈತೆ ಕಣಮ್ಮ, ಕೈ ಬೀಸು!” ಎಂದು ಕೂಗಿದರು. ಮುಗಿಸಿ ಕೂತಿದ್ದವರೆಲ್ಲ ಎದ್ದು ಒಳಗಿನ ಹುಲ್ಲಿನ ಮೇಲೆ ಜೊತೆಗೆ ಓಡತೊಡಗಿದರು. ಹನ್ನೊಂದನೆಯ ಸುತ್ತು 2:22, ಕೊನೆಯದು 2:17. ಒಟ್ಟು 29 ನಿಮಿಷ 50 ಸೆಕೆಂಡು.

ಮೊಣಕಾಲ ಮೇಲೆ ಕೈಯೂರಿ ಉಸಿರು ತಿರುಗಿಸಿಕೊಂಡ ಮೇಲೆ ಅಕ್ಕ ಹೇಳಿದ್ದಿಷ್ಟು: “ಮೊದಲ್ನೇ ಸಲ ನಾನೇ ಓಡಿದ್ದೆ ಸಾ. ಈ ಸಲ ನೀವೆಲ್ಲ ಓಡಿಸಿದ್ದು.”

ಇಂಥ ಓಟದ ದೊಡ್ಡ ಉದಾಹರಣೆ ಲಂಡನ್ನಿನಲ್ಲಿದೆ. 2004ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿಯ ದಿನ, ಅಲ್ಲಿನ ಬುಷಿ ಪಾರ್ಕಿನಲ್ಲಿ 13 ಮಂದಿ 5 ಕಿಲೋಮೀಟರ್ ಓಡಿದರು. ಅದನ್ನು ಏರ್ಪಡಿಸಿದ ಪಾಲ್ ಸಿಂಟನ್-ಹೆವಿಟ್ ಗಾಯದಿಂದಾಗಿ ತಾವೇ ಓಡುವ ಸ್ಥಿತಿಯಲ್ಲಿರಲಿಲ್ಲ. ಗೆಳೆಯರ ಒಡನಾಟ ತಪ್ಪಬಾರದೆಂದು ಗಡಿಯಾರ ಹಿಡಿದರು. ಇಂದು ‘ಪಾರ್ಕ್‌ರನ್’ 20ಕ್ಕೂ ಹೆಚ್ಚು ದೇಶಗಳಲ್ಲಿ ಪ್ರತಿ ವಾರ ನಡೆಯುತ್ತದೆ, ಇಂದಿಗೂ ಉಚಿತ. ಬೆಂಗಳೂರಿನ ವಿಶ್ವ 10ಕೆ ಓಟ 2008ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರಿಗೂ ಓಟದ ಹುಚ್ಚು ಹತ್ತಿಸಿದೆ. ಆದರೆ ಅದು ವರ್ಷಕ್ಕೊಮ್ಮೆಯ ಜಾತ್ರೆ. ಕಾಯಿಲೆಯಲ್ಲೋ ಹೆರಿಗೆಯಲ್ಲೋ ಕಳೆದುಕೊಂಡ ಶಕ್ತಿ ಮರಳಲು ವಾರ ವಾರದ ಜೊತೆ ಬೇಕು.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪದಕ ಗೆಲ್ಲುವವರಿಗೆ ಮೈದಾನ ಬೇಕು, ಎಂದೂ ಪದಕ ಗೆಲ್ಲದವರಿಗೂ ಬೇಕು. ತಾಲ್ಲೂಕು ಕ್ರೀಡಾಂಗಣಗಳ ಹೊಣೆ ಹೊತ್ತವರಲ್ಲಿ ಒಂದು ಮನವಿ: ಭಾನುವಾರ ಬೆಳಿಗ್ಗೆ ಗೇಟು ತೆಗೆದಿಡಿ, ಸುಣ್ಣದ ಗೆರೆ ಎಳೆಸಿ, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ, ಒಂದು ದೀಪ ಇರಲಿ. ಓದುಗರಿಗೂ ಒಂದು ಮಾತು: ನಿಮ್ಮೂರಲ್ಲಿ ಇಂಥ ಗುಂಪಿಲ್ಲವಾದರೆ ಇಬ್ಬರು ಸೇರಿ ಶುರುಮಾಡಿ. ಓಡಲು ಆಗದ ವಾರ ಗಡಿಯಾರ ಹಿಡಿಯಿರಿ.