ಕಡುಗೆಂಪು ಹೂವಿನ ಫೋಟೋ ಯಾಕೆ ಕೆಡುತ್ತೆ?

ಇವತ್ತಿನ ವಿಷಯ ಚಿಕ್ಕದು, ಆದ್ರೆ ಮೊಬೈಲ್ ಹಿಡಿದು ಹೂವಿನ ಮುಂದೆ ನಿಂತ ಎಲ್ಲರನ್ನೂ ಒಮ್ಮೆಯಾದ್ರೂ ಕಾಡಿರುತ್ತೆ. ಕುಂಡದಲ್ಲಿ ಕಡುಗೆಂಪು ಗುಲಾಬಿ ಅರಳಿದೆ. ಕಣ್ಣಿಗೆ ಮಖಮಲ್ ಬಟ್ಟೆ ಥರ ಕಾಣುತ್ತೆ, ಒಂದೊಂದು ದಳದ ಮಡಿಕೆಯೂ ಸ್ಪಷ್ಟ. ಫೋಟೋ ಹೊಡೆದ್ರೆ ಬರೋದು ಎರಡರಲ್ಲಿ ಒಂದು. ಕುಂಕುಮ ಕಲಸಿಟ್ಟ ಹಾಗೆ ಒಂದು ಕೆಂಪು ಮುದ್ದೆ, ಇಲ್ಲಾಂದ್ರೆ ಎಲೆಗಳ ನಡುವೆ ಒಂದು ಕಪ್ಪು ತೂತು.

ಇದು ಬರೀ ಸ್ಟೇಟಸ್‌ಗೆ ಹಾಕೋ ಚಿತ್ರದ ಮಾತಾಗಿದ್ರೆ ನಾನು ಒಂದು ಸಂಚಿಕೆ ಮಾಡ್ತಿರಲಿಲ್ಲ. ಟೆರೇಸ್ ಮೇಲೆ ಗಿಡ ಬೆಳೆಸಿ ವಾಟ್ಸ್‌ಆ್ಯಪ್‌ನಲ್ಲಿ ಮಾರೋರು ಈಗ ಬೇಕಾದಷ್ಟು ಜನ ಇದ್ದಾರೆ. ನನ್ನ ಚಿಕ್ಕಮ್ಮನ ಮಗಳೂ ಅವರಲ್ಲಿ ಒಬ್ಬಳು. ಅವಳ ಡೇಲಿಯಾ ಫೋಟೋ ನೋಡಿ ಕಪ್ಪು ಹೂವು ಅಂತ ಕೊಂಡವರು, ಹೂ ಬಿಟ್ಟ ಮೇಲೆ "ಇದು ಮರೂನ್ ಅಲ್ವೇನಮ್ಮಾ, ದುಡ್ಡು ವಾಪಸ್ ಕೊಡು" ಅಂದ್ರು. ಅವಳು ಯಾವ ಫಿಲ್ಟರೂ ಹಾಕಿರಲಿಲ್ಲ. ಬಣ್ಣ ಬದಲಿಸಿದ್ದು ಮೊಬೈಲು.

ಯಾಕೆ ಹೀಗೆ? ಕ್ಯಾಮೆರಾಗೆ ಹೂವು ಗೊತ್ತಿಲ್ಲ, ಬೆಳಕಿನ ಲೆಕ್ಕ ಮಾತ್ರ ಗೊತ್ತು. ಎದುರಿಗಿರೋ ದೃಶ್ಯ ಒಟ್ಟಾರೆ ಮಧ್ಯಮ ಬೂದು ಬಣ್ಣದಷ್ಟು ಬೆಳಗಿರಬೇಕು ಅನ್ನೋದು ಅದರ ಹಳೇ ಅಂದಾಜು. ಈಗಿನ ಫೋನ್‌ಗಳು ದೃಶ್ಯ ಗುರುತಿಸಿ ಸ್ವಲ್ಪ ಜಾಣತನ ತೋರಿಸ್ತವೆ, ಆದ್ರೂ ಮೂಲ ಅಭ್ಯಾಸ ಅದೇ. ಕಡು ಬಣ್ಣದ ಹೂವು ಇಡೀ ಚೌಕಟ್ಟು ತುಂಬಿದ್ರೆ "ಅಯ್ಯೋ, ಇಲ್ಲಿ ಕತ್ತಲೆ" ಅಂದುಕೊಂಡು ಬೆಳಕು ಏರಿಸುತ್ತೆ. ಹೂವು ಪೇಲವ ಆಗುತ್ತೆ. ಅದೇ ಹೂವಿನ ಹಿಂದೆ ಬಿಸಿಲು ಬಿದ್ದ ಬಿಳಿ ಗೋಡೆಯೋ ಆಕಾಶವೋ ಇದ್ರೆ ಬೆಳಕು ಇಳಿಸುತ್ತೆ. ಆಗ ಮರೂನ್ ಡೇಲಿಯಾ ಕಪ್ಪು ಡೇಲಿಯಾ ಆಗುತ್ತೆ. ತಂಗಿಯ ಫೋಟೋದಲ್ಲಿ ಆಗಿದ್ದು ಇದೇ, ಹಿಂದೆ ಸುಣ್ಣ ಬಳಿದ ಪ್ಯಾರಪೆಟ್ ಇತ್ತು.

ಕೆಂಪಿಗೆ ಇನ್ನೊಂದು ತೊಂದರೆ ಇದೆ, ನನಗೆ ತುಂಬಾ ಕುತೂಹಲ ಅನಿಸಿದ್ದು ಅದು. ಕ್ಯಾಮೆರಾ ಸೆನ್ಸರ್ ಮೇಲೆ ಸಣ್ಣ ಸಣ್ಣ ಬಣ್ಣದ ಚೌಕಗಳಿರ್ತವೆ. ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನೋ ವಿಜ್ಞಾನಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆ ಇದು. ನಮ್ಮ ಕಣ್ಣು ಹಸಿರಿನ ಸುತ್ತಮುತ್ತ ಹೆಚ್ಚು ಚುರುಕು, ಅದಕ್ಕೇ ಹಸಿರಿಗೆ ದುಪ್ಪಟ್ಟು ಪಾಲು. ಈಗ ಕಡುಗೆಂಪು ಗುಲಾಬಿ ಮುಂದೆ ಹಿಡೀರಿ. ಹಸಿರು, ನೀಲಿ ಚೌಕಗಳಿಗೆ ಹೆಚ್ಚೇನೂ ಸಿಗಲ್ಲ. ದಳದ ವಿವರ ಹಿಡಿಯೋ ಭಾರವೆಲ್ಲ ಆ ಕಾಲು ಭಾಗದ ಮೇಲೆ ಬೀಳುತ್ತೆ.

ಬಿಸಿಲು ಜೋರಾದ್ರೆ ಕೆಂಪಿನ ಲೋಟ ಮೊದಲು ತುಂಬಿ ಚೆಲ್ಲುತ್ತೆ. ದಳದ ಉಬ್ಬೂ ತುಂಬಿದ ಲೋಟ, ತಗ್ಗೂ ತುಂಬಿದ ಲೋಟ. ಎರಡಕ್ಕೂ ವ್ಯತ್ಯಾಸವೇ ಉಳಿಯಲ್ಲ, ಅದೇ ನಾವು ನೋಡೋ ಕೆಂಪು ಮುದ್ದೆ. ಒಟ್ಟು ಬೆಳಕು ಸರಿ ಇದೆ ಅಂತ ಫೋನ್ ಅಂದ್ಕೊಂಡಿರುವಾಗ್ಲೇ ಇದು ನಡೆದಿರುತ್ತೆ. ಹೀಗೆ ಚೆಲ್ಲಿಹೋದ ವಿವರವನ್ನ ಆಮೇಲೆ ಎಡಿಟಿಂಗ್‌ನಲ್ಲಿ ತರೋದು ಹೆಚ್ಚುಕಡಿಮೆ ಆಗದ ಮಾತು.

ಹೂವಿನ ಕಡೆಯಿಂದಲೂ ಸ್ವಲ್ಪ ಆಟ ಇದೆ. ಕಪ್ಪು ಅಂತ ಕರೆಯೋ ಗುಲಾಬಿ, ಡೇಲಿಯಾಗಳು ನಿಜಕ್ಕೂ ಕಪ್ಪಲ್ಲ. ನೇರಳೆ ಹಣ್ಣಿಗೆ, ಕಪ್ಪು ದ್ರಾಕ್ಷಿಗೆ ಬಣ್ಣ ಕೊಡೋ ಆಂಥೋಸಯನಿನ್ ಗುಂಪಿನ ವಸ್ತುಗಳೇ ಇಲ್ಲಿ ದಟ್ಟವಾಗಿ ಸೇರಿರ್ತವೆ. ಜೊತೆಗೆ ಅನೇಕ ಹೂಗಳ ದಳದ ಮೇಲ್ಪದರದ ಕೋಶಗಳು ಸಣ್ಣ ಶಂಕುಗಳ ಹಾಗೆ ಎದ್ದು ನಿಂತಿರ್ತವೆ. ಬೆಳಕು ಅವುಗಳ ಮೂಲಕ ಒಳಗಿಳಿದು, ಬಣ್ಣ ಇನ್ನಷ್ಟು ಗಾಢವಾಗುತ್ತೆ. ಆ ಮಖಮಲ್ ನೋಟ ಬರೋದು ಅಲ್ಲಿಂದ. ಫ್ಲ್ಯಾಶ್ ಹಾಕಿದ್ರೆ ಎದುರಿನಿಂದ ನೇರ ಬೆಳಕು ಬಡಿದು, ಮಖಮಲ್ ಹೋಗಿ ಪ್ಲಾಸ್ಟಿಕ್ ಹೂ ಆಗುತ್ತೆ. ನನ್ನ ಪ್ರಕಾರ ಕಡು ಬಣ್ಣದ ಹೂವಿಗೆ ಫ್ಲ್ಯಾಶ್ ಮುಟ್ಟಲೇಬಾರದು.

ಟರ್ಕಿಯ ಹಾಲ್ಫೆತಿ ಅನ್ನೋ ಊರಿನ ಕಪ್ಪು ಗುಲಾಬಿ ಚಿತ್ರಗಳನ್ನ ನೀವು ನೋಡಿರ್ತೀರಿ. ಆ ಹೂವು ಇದೆ, ಆದ್ರೆ ಅದು ಬಹಳ ಗಾಢ ಕೆಂಪು. ಇದ್ದಿಲಿನ ಹಾಗೆ ಕಪ್ಪಾಗಿ ಹರಿದಾಡೋ ಚಿತ್ರಗಳು ಬೆಳಕು ಇಳಿಸಿ ತೆಗೆದವು, ಇಲ್ಲಾ ತಿದ್ದಿದವು. ಆನ್‌ಲೈನ್‌ನಲ್ಲಿ ಕಪ್ಪು ಗುಲಾಬಿ ಬೀಜ ಅಂತ ಮಾರೋದು ಇಂಥ ಚಿತ್ರಗಳನ್ನ ತೋರಿಸಿಯೇ. ಅಂಥದ್ದು ಕಂಡ್ರೆ ಹೂವನ್ನ ಬಿಟ್ಟು ಪಕ್ಕದ ಎಲೆ ನೋಡಿ. ಎಲೆಯೂ ಕಪ್ಪಗೆ, ಕಾಂಡವೂ ಕಪ್ಪಗೆ ಕಂಡ್ರೆ ಕಪ್ಪಾಗಿರೋದು ಹೂವಲ್ಲ, ಫೋಟೋ.

ಹಾಗಾದ್ರೆ ಮಾಡೋದೇನು? ಮೊದಲು ಬೆಳಕು. ಮಟಮಟ ಮಧ್ಯಾಹ್ನದ ಬಿಸಿಲು ಬೇಡ. ಆಷಾಢದ ಮೋಡ ಇದೆಯಲ್ಲ, ಎಲ್ಲರೂ ಬೈಕೊಳ್ಳೋದು, ಕಡು ಹೂವಿಗೆ ಅದಕ್ಕಿಂತ ಒಳ್ಳೆ ಬೆಳಕಿಲ್ಲ. ಬಿಸಿಲಲ್ಲೇ ತೆಗೀಬೇಕಾದ್ರೆ ತಮ್ಮನ ಕೈಯಲ್ಲಿ ಒಂದು ಬಿಳಿ ಪಂಚೆ ಕೊಟ್ಟು ಹೂವಿಗೂ ಸೂರ್ಯನಿಗೂ ನಡುವೆ ಅಗಲವಾಗಿ ಹಿಡಿಸಿ. ಅವನು ಗೊಣಗ್ತಾನೆ, ಗೊಣಗಲಿ. ಬೆಳಕು ಒಂದು ಪಕ್ಕದಿಂದ ಬರೋ ಹಾಗೆ ನಿಂತ್ರೆ ದಳದ ಮಡಿಕೆಗಳು ಎದ್ದು ಕಾಣ್ತವೆ. ಸೂರ್ಯ ಹೂವಿನ ಹಿಂದಿದ್ರೆ ದಳಗಳು ದೀಪದ ಹಾಗೆ ಹೊಳೀತವೆ, ನನಗೆ ಅಂಥ ಫೋಟೋ ಇಷ್ಟ. ಆದ್ರೆ ಮಾರೋ ಗಿಡಕ್ಕೆ ಅದು ಬೇಡ, ಇರೋದಕ್ಕಿಂತ ತಿಳಿ ಬಣ್ಣ ತೋರಿಸುತ್ತೆ.

ಆಮೇಲೆ ಎಕ್ಸ್‌ಪೋಷರ್. ಸ್ಕ್ರೀನ್ ಮೇಲೆ ಹೂವನ್ನ ಒತ್ತಿ ಹಿಡಿದ್ರೆ ಬಹುತೇಕ ಫೋನ್‌ಗಳಲ್ಲಿ ಫೋಕಸ್ ಲಾಕ್ ಆಗಿ, ಪಕ್ಕದಲ್ಲೊಂದು ಸೂರ್ಯನ ಗುರುತು ಬರುತ್ತೆ. ಅದನ್ನ ನಿಧಾನಕ್ಕೆ ಕೆಳಗೆ ಎಳೀರಿ. ಮುದ್ದೆಯಾಗಿದ್ದ ಕೆಂಪಿನೊಳಗೆ ದಳದ ಅಂಚುಗಳು, ನರಗಳು ಕಾಣೋಕೆ ಶುರುವಾದ ಕ್ಷಣ ನಿಲ್ಲಿಸಿ. ಕಣ್ಣನ್ನ ಒಮ್ಮೆ ನಿಜವಾದ ಹೂವಿನ ಮೇಲೆ, ಒಮ್ಮೆ ಸ್ಕ್ರೀನ್ ಮೇಲೆ ಇಟ್ಟು ಹೋಲಿಸಿ. ಇನ್ನೂ ಕೆಳಗೆ ಎಳೆದ್ರೆ ಹಾಲ್ಫೆತಿ ತಲುಪಿಬಿಡ್ತೀರಿ.

ಹಿನ್ನೆಲೆಗೆ ಬಣ್ಣ ಬಳಿಯದ ಸಿಮೆಂಟ್ ಗೋಡೆ ಸಿಕ್ಕಿದ್ರೆ ಬಿಡಬೇಡಿ. ತೀರಾ ಬಿಳಿ ಇದ್ರೆ ಹೂ ಕಪ್ಪಾಗುತ್ತೆ, ದಟ್ಟ ಎಲೆಗಳಿದ್ರೆ ಹೂವಿನ ಅಂಚೇ ಕಳೆದುಹೋಗುತ್ತೆ, ಸಿಮೆಂಟ್ ಬೂದು ಇವೆರಡರ ನಡುವೆ ಬರುತ್ತೆ. ಹತ್ತಿರ ಹೋದಾಗ ಕೆಲವು ಫೋನ್‌ಗಳು ತಾವಾಗೇ ಮ್ಯಾಕ್ರೋಗೆ ಅಂತ ಬೇರೆ ಚಿಕ್ಕ ಕ್ಯಾಮೆರಾಗೆ ಜಿಗೀತವೆ, ಕಡು ಭಾಗಗಳಲ್ಲಿ ಕಾಳುಕಾಳು ಬರೋದು ಆಗಲೇ. ಒಂದಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಫೋಕಸ್ ಹುಡುಕಾಡ್ತಿದ್ರೆ ಸಪಾಟಾದ ದಳ ಬಿಟ್ಟು, ದಳದ ಅಂಚನ್ನೋ ಹಳದಿ ಕೇಸರವನ್ನೋ ಒತ್ತಿ.

ಎಚ್‌ಡಿಆರ್ ವಿಷಯ ಎಚ್ಚರ. ಅದು ನೆರಳನ್ನೆಲ್ಲ ಎತ್ತಿ ಹಿಡಿಯುತ್ತೆ, ಹೂವಿನ ಗಾಢತೆಯನ್ನೂ ನೆರಳು ಅಂದುಕೊಂಡು ತಿಳಿ ಮಾಡಿಬಿಡಬಹುದು. ಆಫ್ ಮಾಡೋ ಅವಕಾಶ ಇದ್ರೆ ಎರಡೂ ಥರ ತೆಗೆದು ನೋಡಿ.

ಮುಸ್ಸಂಜೆಯಲ್ಲಿ ಮಾತ್ರ ನಿಮ್ಮ ಕಣ್ಣನ್ನೂ ಪೂರ್ತಿ ನಂಬಬೇಡಿ. ಬೆಳಕು ಕಮ್ಮಿಯಾದಂತೆ ನಮಗೆ ಕೆಂಪು ಬೇಗ ಕಪ್ಪಾಗಿ, ಹಸಿರು, ನೀಲಿ ಇನ್ನೂ ಬೆಳಗಿರೋ ಹಾಗೆ ಕಾಣುತ್ತೆ. 19ನೇ ಶತಮಾನದ ಆರಂಭದಲ್ಲಿ ಇದನ್ನ ಗಮನಿಸಿದ ಜೆಕ್ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಪುರ್ಕಿನ್ಯೆ ಪರಿಣಾಮ ಅಂತಾರೆ. ಗಿಡದ ಬಣ್ಣ ಹೇಳೋಕೆ ಅಂತ ಫೋಟೋ ತೆಗೆಯೋದಾದ್ರೆ ಬೆಳಿಗ್ಗೆಯೇ ತೆಗೆದು, ಹೂವಿನ ಪಕ್ಕ ಒಂದು ತುಂಡು ಬಿಳಿ ಕಾಗದ ಇಡಿ. ಕಾಗದ ನೀಲಿಯಾಗಿ ಕಂಡ್ರೆ ಹೂವಿನ ಬಣ್ಣವೂ ಅಷ್ಟೇ ತಪ್ಪಿದೆ ಅಂತ ನೋಡಿದವರಿಗೆ ಗೊತ್ತಾಗುತ್ತೆ, ನಿಮಗೂ ತಿದ್ದೋಕೆ ಸುಲಭ.

ಶಂಖಪುಷ್ಪದ ನೀಲಿ ಫೋಟೋದಲ್ಲಿ ಯಾಕೆ ನೇರಳೆ ಆಗುತ್ತೆ ಅಂತ ಕೇಳಿದ್ದೀರಿ. ಅದು ಬೇರೆಯದೇ ಕತೆ, ಮುಂದಿನ ಸಂಚಿಕೆಗೆ ಇಟ್ಕೊಳ್ಳೋಣ.